ಹ್ಯಾರಿ ಪಾಟರ್ ಮುಗೀತು, ಮುಂದೇನು? ಅಹಮದಾಬಾದ್, ವಡೋದರಾ, ಸೂರತ್ ಕೊಟ್ಟ ಮಾಯಾಲೋಕದ ಕಥೆಗಳು ಇಲ್ಲಿವೆ

ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕ ಮುಗಿಸಿದ ಮಗು "ಮುಂದೇನು ಓದಲಿ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. ಮೊದಲು ನಾರ್ನಿಯಾ, ನಂತರ ಪರ್ಸಿ ಜಾಕ್ಸನ್, ಸ್ವಲ್ಪ ದೊಡ್ಡವರಾದ ಮೇಲೆ ಲಾರ್ಡ್ ಆಫ್ ದಿ ರಿಂಗ್ಸ್. ಎಲ್ಲವೂ ಒಳ್ಳೆಯ ಪುಸ್ತಕಗಳೇ. ಆದರೆ ಎಲ್ಲವೂ ಇಂಗ್ಲಿಷಿನವು.

ಉದ್ಯೋಗ, ವ್ಯಾಪಾರಕ್ಕಾಗಿ ಗುಜರಾತಿಗೆ ಹೋಗಿ ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ, ಶಾಲೆಯಲ್ಲಿ ಇಂಗ್ಲಿಷ್. ಹೀಗೆ ಮೂರು ಭಾಷೆ ಆಡುವ ಮಗು ಕೊನೆಗೆ ಓದುವುದು ಒಂದರಲ್ಲಿ ಮಾತ್ರ ಎಂಬಂತಾದರೆ ಉಳಿದ ಎರಡು ಭಾಷೆಗಳ ಕಥೆಗಳು ಕೈತಪ್ಪುತ್ತವೆ. ಅಜ್ಜಿ ಹೇಳುವ ಕಥೆಗೂ ಮೊಮ್ಮಗು ಓದುವ ಕಥೆಗೂ ನಂಟೇ ಇಲ್ಲದಂತಾಗುತ್ತದೆ.

ಈ ಮೂರು ನಗರಗಳಿಗೂ ಅವುಗಳದ್ದೇ ಆದ ಫ್ಯಾಂಟಸಿ ಪರಂಪರೆ ಇದೆ. ಬೇತಾಳ, ಮಾತನಾಡುವ ಗೊಂಬೆ, ಗಾಳಿಯಲ್ಲಿ ಹಾರುವ ಗೆಳತಿ, ಕೋಟು ತೊಟ್ಟ ಆಡು ಎಲ್ಲವೂ ಅಲ್ಲಿವೆ. ಅದರಲ್ಲಿ ಅರ್ಧದಷ್ಟು ಕನ್ನಡಿಗರಿಗೆ ಈಗಾಗಲೇ ಗೊತ್ತಿರುವ ಕಥೆಗಳೇ ಆಗಿವೆ. ಹೀಗಾಗಿ ಗುಜರಾತಿನ ಕಥೆಗಳನ್ನು ಕನ್ನಡಿಗರಿಗೆ ಶಿಫಾರಸು ಮಾಡುವುದು ತೋರುವಷ್ಟು ಕಷ್ಟವಲ್ಲ. ಯಾವ ಪುಸ್ತಕ, ಯಾರಿಗೆ, ಅದಕ್ಕೆ ಜೊತೆಯಾಗಿ ಕನ್ನಡದಲ್ಲಿ ಏನು ಓದಬಹುದು ಎಂಬ ವಿವರ ಇಲ್ಲಿದೆ.

ಅಹಮದಾಬಾದ್: ಶಾಮಳ ಭಟ್ಟನ ಬೇತಾಳ

ಅಹಮದಾಬಾದಿನ ಪೂರ್ವ ಭಾಗದಲ್ಲಿರುವ ಗೋಮತೀಪುರ ಇಂದು ಜನ ಕಿಕ್ಕಿರಿದ ಬಡಾವಣೆ. 18ನೇ ಶತಮಾನದ ಕವಿ ಶಾಮಳ ಭಟ್ಟನ ಹುಟ್ಟೂರು ವೇಗನಪುರ ಇದ್ದದ್ದು ಇಲ್ಲೇ. ಆ ಕಾಲದ ಗುಜರಾತಿ ಕವಿಗಳು ಹೆಚ್ಚಾಗಿ ಪುರಾಣ ಮತ್ತು ಭಕ್ತಿಯ ವಸ್ತುಗಳನ್ನು ಆರಿಸಿಕೊಳ್ಳುತ್ತಿದ್ದರು. ಶಾಮಳ ಮಾತ್ರ ರಾಜ, ವ್ಯಾಪಾರಿ, ಜಾಣ ಹೆಣ್ಣುಮಕ್ಕಳು ಮತ್ತು ಮಾಯಾಮಂತ್ರಗಳ ಕಥೆಗಳನ್ನು ಪದ್ಯದಲ್ಲಿ ಹೇಳಿ ಜನರನ್ನು ಸೆಳೆದ. ಸಿಹುಂಜ್ ಗ್ರಾಮದ ರಖೀದಾಸ ಎಂಬ ಸಿರಿವಂತ ಅವನಿಗೆ ಆಶ್ರಯ ಕೊಟ್ಟು ತನ್ನೂರಿಗೆ ಕರೆಸಿಕೊಂಡ.

'ಸಿಂಹಾಸನ ಬತ್ರೀಸಿ', 'ವೇತಾಳ ಪಚೀಸಿ' ಮತ್ತು 'ಸೂಡಾ ಬಹೋತೇರಿ' ಅವನ ಹೆಸರಾಂತ ಕೃತಿಗಳು. ಹೆಸರು ಕೇಳಿದರೇ ಕನ್ನಡಿಗರಿಗೆ ಗುರುತು ಹತ್ತುತ್ತದೆ. ಮೊದಲನೆಯದು ನಮ್ಮ ಬತ್ತೀಸ ಪುತ್ತಳಿ ಕಥೆ. ಭೋಜರಾಜ ಹಳೆಯ ಸಿಂಹಾಸನವನ್ನು ಏರಲು ಹೋದಾಗ ಅದರ 32 ಗೊಂಬೆಗಳು ಒಂದೊಂದಾಗಿ ತಡೆದು ವಿಕ್ರಮನ ಕಥೆ ಹೇಳುತ್ತವೆ. ಎರಡನೆಯದು ಬೇತಾಳ ಪಂಚವಿಂಶತಿ. ಮೂರನೆಯದು ಸಂಸ್ಕೃತದ ಶುಕಸಪ್ತತಿಯ ಬಳಗದ್ದು. ಗಂಡ ಊರಲ್ಲಿಲ್ಲದಾಗ ರಾತ್ರಿ ಮನೆಯಿಂದ ಹೊರಡುವ ಹೆಂಡತಿಯನ್ನು ಗಿಣಿಯೊಂದು ಕಥೆ ಹೇಳಿ ಹೇಳಿ ತಡೆಯುತ್ತದೆ. ಸಂಸ್ಕೃತದಲ್ಲಿ 70 ಕಥೆ, ಗುಜರಾತಿಯಲ್ಲಿ 72.

ಕನ್ನಡದ ಹಲವು ತಲೆಮಾರುಗಳಿಗೆ ಬೇತಾಳನ ಪರಿಚಯ ಮಾಡಿಕೊಟ್ಟಿದ್ದು 'ಚಂದಮಾಮ'. 1947ರಲ್ಲಿ ತೆಲುಗು, ತಮಿಳಿನಲ್ಲಿ ಶುರುವಾದ ಈ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೆ ಬಂತು. ಮುಂದೆ ಗುಜರಾತಿಯಲ್ಲೂ ಪ್ರಕಟವಾಯಿತು. ಹೆಗಲ ಮೇಲೆ ಶವ, ಕೈಯಲ್ಲಿ ಖಡ್ಗ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ಮರೆತವರು ಕಡಿಮೆ.

ಇಂದಿನ ಫ್ಯಾಂಟಸಿ ಸರಣಿಗಳು ಓದುಗರನ್ನು ಹಿಡಿದಿಡುವ ಉಪಾಯ ಇಲ್ಲಿ ಆಗಲೇ ಇದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ರಾಜನ ತಲೆ ಒಡೆಯುತ್ತದೆ. ಉತ್ತರ ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರ ಏರುತ್ತದೆ. ಎರಡರಲ್ಲಿ ಯಾವುದಾದರೂ ಕಥೆ ಮುಂದುವರಿಯಲೇಬೇಕು. ಪ್ರತಿ ಕಥೆಯ ಕೊನೆಯಲ್ಲಿ ನ್ಯಾಯದ ಪ್ರಶ್ನೆಯೊಂದು ಓದುಗರ ಮುಂದೆಯೂ ಬಂದು ನಿಲ್ಲುತ್ತದೆ. ತಲೆಗಳು ಅದಲುಬದಲಾದ ಇಬ್ಬರಲ್ಲಿ ಹೆಂಡತಿಗೆ ನಿಜವಾದ ಗಂಡ ಯಾರು ಎಂಬ ಬೇತಾಳ ಪ್ರಶ್ನೆ ಜರ್ಮನ್ ಲೇಖಕ ಥಾಮಸ್ ಮನ್ ಅವರ ಕೈಯಲ್ಲಿ ಕಿರುಕಾದಂಬರಿಯಾಯಿತು. ಗಿರೀಶ ಕಾರ್ನಾಡರು ಅದನ್ನೇ ಹಿಡಿದು 1971ರಲ್ಲಿ 'ಹಯವದನ' ನಾಟಕ ಬರೆದರು.

ಶಾಮಳನ ಮತ್ತೊಂದು ಕೃತಿ 'ಮದನಮೋಹನಾ'. ಇದರ ನಾಯಕಿ ಮೋಹನಾ ಓದು ಬಲ್ಲವಳು, ಗಂಡುಡುಗೆ ತೊಟ್ಟು ಸಾಹಸಕ್ಕೆ ಇಳಿಯುವವಳು. ಶಾಮಳನ ಹೆಣ್ಣುಮಕ್ಕಳು ಒಗಟು ಬಿಡಿಸುವುದರಲ್ಲಿ, ಎದುರಾಳಿಯ ಬಾಯಿ ಕಟ್ಟಿಸುವುದರಲ್ಲಿ ಗಂಡಸರಿಗಿಂತ ಒಂದು ಕೈ ಮೇಲು. ಧೈರ್ಯವಂತ ನಾಯಕಿಯ ಕಥೆ ಬೇಕು ಎನ್ನುವವರು ಇಲ್ಲಿಂದ ಆರಂಭಿಸಬಹುದು.

*ಯಾರಿಗೆ:* ಬೇತಾಳ ಮತ್ತು ಬತ್ರೀಸಿ ಕಥೆಗಳ ಸರಳ ಗದ್ಯರೂಪ 10 ವರ್ಷ ದಾಟಿದ ಮಕ್ಕಳಿಗೆ ಒಪ್ಪುತ್ತದೆ. ಗಿಣಿಯ ಕಥೆಗಳು ದೊಡ್ಡವರಿಗೆ ಮಾತ್ರ. ಹೆಣ್ಣು ಮತ್ತು ಜಾತಿಯ ಬಗ್ಗೆ ಹಳೆಯ ಕಾಲದ ಮಾತುಗಳು ಅಲ್ಲಲ್ಲಿ ಬರುತ್ತವೆ. ಮಕ್ಕಳ ಜೊತೆ ಕೂತು ಓದಿ, ಆ ಬಗ್ಗೆ ಮಾತನಾಡುವುದು ಒಳ್ಳೆಯದು.

ಮಿಯಾಂ ಫುಸ್ಕಿ ಮತ್ತು ತಭಾ ಭಟ್ಟ

ಪದ್ಯಕಥೆ ಭಾರ ಎನಿಸುವ ಮಕ್ಕಳಿಗೆ ಜೀವರಾಮ ಜೋಶಿ (1905–2004) ಅವರ ಪುಸ್ತಕಗಳಿವೆ. ಮಿಯಾಂ ಫುಸ್ಕಿ, ಛಕೋ-ಮಕೋ, ಅಡುಕಿಯೋ-ದಡುಕಿಯೋ ಇವರ ಪಾತ್ರಗಳು. ಗುಜರಾತಿನಲ್ಲಿ ನಡುವಯಸ್ಸು ದಾಟಿದವರ ಮುಂದೆ ಈ ಹೆಸರು ಹೇಳಿದರೆ ಮುಖ ಅರಳುತ್ತದೆ. ಅಹಮದಾಬಾದಿನ ಮಕ್ಕಳ ವಾರಪತ್ರಿಕೆ 'ಝಗಮಗ' ಈ ಪಾತ್ರಗಳನ್ನು ಮನೆಮನೆಗೆ ತಲುಪಿಸಿತು.

ಮಿಯಾಂ ಫುಸ್ಕಿ ಬಾಯಲ್ಲಿ ಶೂರ, ಕೆಲಸದಲ್ಲಿ ಪುಕ್ಕಲ. ಅವನ ಜೀವದ ಗೆಳೆಯ ತಭಾ ಭಟ್ಟ ಎಂಬ ಬ್ರಾಹ್ಮಣ. ಮುಸ್ಲಿಂ ಮತ್ತು ಬ್ರಾಹ್ಮಣ ಗೆಳೆಯರಿಬ್ಬರು ಒಬ್ಬರನ್ನೊಬ್ಬರು ಕಾಲೆಳೆಯುತ್ತಾ, ಪೇಚಿಗೆ ಸಿಕ್ಕಾಗ ಒಬ್ಬರಿಗೊಬ್ಬರು ಆಗುತ್ತಾ ಸಾಗುವ ಕಥೆಗಳಿವು. ಯಾವ ಉಪದೇಶವೂ ಇಲ್ಲದೆ ಈ ಗೆಳೆತನ ಸಹಜವೆಂಬಂತೆ ಮಕ್ಕಳ ಮನಸ್ಸಿಗೆ ಇಳಿಯುತ್ತದೆ. ಮಾಟಗಾರ, ಜಾದೂಗಾರರು ಬೇಕೆನ್ನುವ ಮಕ್ಕಳಿಗೆ ಅಡುಕಿಯೋ-ದಡುಕಿಯೋ ಕಥೆಗಳ ಗಲು ಜಾದೂಗಾರ ಇದ್ದಾನೆ.

ಸೂರತ್: ಪಟೇಲನಾದ ಆಡು

ಸೂರತ್ ಎಂದರೆ ವಜ್ರ, ಜವಳಿ ಎಂದಷ್ಟೇ ತಿಳಿದವರು ಹಲವರು. ಗುಜರಾತಿ ಮಕ್ಕಳ ಸಾಹಿತ್ಯದ ಬಹು ಜನಪ್ರಿಯ ಸರಣಿಯೊಂದು ಹೊರಬಂದದ್ದು ಇದೇ ಊರಿಂದ. ಸೂರತ್‌ನಿಂದ ಪ್ರಕಟವಾಗುತ್ತಿದ್ದ 'ಗಾಂಡೀವ' ಎಂಬ ಮಕ್ಕಳ ಪಾಕ್ಷಿಕದಲ್ಲಿ ಹರಿಪ್ರಸಾದ ವ್ಯಾಸರು 1936ರಿಂದ 'ಬಕೋರ್ ಪಟೇಲ್' ಕಥೆಗಳನ್ನು ಬರೆದರು. 1955ರವರೆಗೆ, ಅಂದರೆ ಸುಮಾರು 20 ವರ್ಷ ಈ ಕಥೆಗಳು ಬಂದವು.

ಬಕೋರ್ ಪಟೇಲ್ ಒಂದು ಆಡು. ಹೆಂಡತಿ ಶಕರೀ ಪಟಲಾಣಿ. ವಕೀಲ ವಾಘಜೀಭಾಯ್ ಹುಲಿ, ಡಾಕ್ಟರ್ ಊಂಟಡಿಯಾ ಒಂಟೆ, ಹಾಥೀಶಂಕರ್ ಆನೆ. ಎಲ್ಲರೂ ಮನುಷ್ಯರಂತೆ ಬಟ್ಟೆ ತೊಟ್ಟು, ಮುಂಬೈಯಂಥ ನಗರದಲ್ಲಿ ಮನೆ ಮಾಡಿಕೊಂಡು, ನೆಂಟರಿಷ್ಟರು ಮತ್ತು ಪೇಟೆಯ ಗೊಂದಲಗಳಲ್ಲಿ ಸಿಕ್ಕಿಬೀಳುತ್ತಾರೆ. ಹುಲಿ ಆಡನ್ನು ತಿನ್ನುವುದಿಲ್ಲ, ಅದರ ಕೇಸು ನೋಡಿಕೊಳ್ಳುತ್ತದೆ!

ಪ್ರಾಣಿಗಳು ಮಾತನಾಡುವ ಕಥೆ ಕನ್ನಡಕ್ಕೆ ಹೊಸತಲ್ಲ. 11ನೇ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಆದರೆ ಪಂಚತಂತ್ರದ ಪ್ರಾಣಿಗಳು ರಾಜನೀತಿ ಕಲಿಸಲು ನಿಂತಿವೆ. ಬಕೋರ್ ಪಟೇಲ್ ಏನನ್ನೂ ಕಲಿಸಲು ಹೋಗುವುದಿಲ್ಲ, ನಗಿಸುತ್ತಾನೆ ಅಷ್ಟೆ. ಪ್ರತಿ ಕಥೆ ಚಿಕ್ಕದು, ಭಾಷೆ ಮನೆಮಾತಿನದು, ಜೊತೆಗೆ ಚಿತ್ರಗಳಿವೆ. ಗುಜರಾತಿ ಮಾತನಾಡಲು ಬಂದು ಓದಲು ತಡವರಿಸುವ ಕನ್ನಡ ಮಕ್ಕಳಿಗೆ ಇದಕ್ಕಿಂತ ಸುಲಭದ ಮೊದಲ ಪುಸ್ತಕ ಸಿಗುವುದು ಕಷ್ಟ. ದೊಡ್ಡವರಿಗೂ ಅಷ್ಟೇ. ಗುಜರಾತಿ ಲಿಪಿ ಹಿಂದಿಯ ಲಿಪಿಗೆ ಹತ್ತಿರದ್ದು, ತಲೆಗೆರೆ ಇರುವುದಿಲ್ಲ. ಹಿಂದಿ ಓದಬಲ್ಲವರು ಅಂಗಡಿ ಫಲಕ ನೋಡುತ್ತಲೇ ಕಲಿತುಬಿಡಬಹುದು.

*ಯಾರಿಗೆ:* 6ರಿಂದ 10 ವರ್ಷದ ಮಕ್ಕಳಿಗೆ. ಗುಜರಾತಿ ಕಲಿಯುತ್ತಿರುವ ದೊಡ್ಡವರಿಗೂ ಸೈ.

ವಡೋದರಾ: ಕನಸಿನಲ್ಲಿ ಬಂದ ರಾಜಕುಮಾರ

ವಡೋದರಾದ ಹೆಮ್ಮೆ 17ನೇ ಶತಮಾನದ ಕವಿ ಪ್ರೇಮಾನಂದ. ಅವನ 'ಆಖ್ಯಾನ'ಗಳನ್ನು ಓದುವುದಕ್ಕಿಂತ ಕೇಳುವುದೇ ವಾಡಿಕೆ. ಬೆರಳಿಗೆ ಉಂಗುರ ತೊಟ್ಟು, ತಾಮ್ರದ ಕೊಡದ ಮೇಲೆ ತಾಳ ಹಾಕುತ್ತಾ ರಾತ್ರಿಯಿಡೀ ಕಥೆ ಹಾಡುವವರನ್ನು ಮಾಣಭಟ್ಟರು ಎನ್ನುತ್ತಾರೆ. ವಡೋದರಾದ ಧಾರ್ಮಿಕ್‌ಲಾಲ್ ಪಂಡ್ಯಾ ಈ ಕಲೆಯನ್ನು ನಮ್ಮ ಕಾಲದವರೆಗೂ ತಂದವರು. ಕುಮಾರವ್ಯಾಸ ಭಾರತದ ಗಮಕ ವಾಚನ ಕೇಳಿ ಬೆಳೆದ ಕನ್ನಡಿಗರಿಗೆ ಇದು ಬಹುಬೇಗ ಆಪ್ತವಾಗುತ್ತದೆ.

ಫ್ಯಾಂಟಸಿ ಪ್ರಿಯರು ಮೊದಲು ಎತ್ತಿಕೊಳ್ಳಬೇಕಾದ್ದು ಅವನ 'ಓಖಾಹರಣ'. ಓಖಾ ಎಂದರೆ ಉಷೆ, ಸಾವಿರ ತೋಳಿನ ಬಾಣಾಸುರನ ಮಗಳು. ಕನಸಿನಲ್ಲಿ ಕಂಡ ಯುವಕನಿಗೆ ಮನಸೋಲುತ್ತಾಳೆ. ಅವನು ಯಾರೆಂದು ಅವಳಿಗೇ ಗೊತ್ತಿಲ್ಲ. ಗೆಳತಿ ಚಿತ್ರಲೇಖೆ ಲೋಕದ ರಾಜಕುಮಾರರ ಚಿತ್ರಗಳನ್ನೆಲ್ಲ ಬರೆದು ತೋರಿಸುತ್ತಾ ಹೋಗುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚುತ್ತಾಳೆ. ಚಿತ್ರಲೇಖೆ ಆಕಾಶಮಾರ್ಗದಲ್ಲಿ ದ್ವಾರಕೆಗೆ ಹಾರಿ, ಮಲಗಿದ್ದ ಅನಿರುದ್ಧನನ್ನು ಹಾಗೇ ಎತ್ತಿ ತರುತ್ತಾಳೆ. ಮುಂದೆ ಕೃಷ್ಣನಿಗೂ ಶಿವನಿಗೂ ಯುದ್ಧವೇ ನಡೆದುಹೋಗುತ್ತದೆ. ಜ್ವರಗಳೂ ರೂಪ ತಾಳಿ ಕಾದಾಡುತ್ತವೆ.

ಗುಜರಾತಿನ ಅನೇಕ ಮನೆಗಳಲ್ಲಿ ಚೈತ್ರ ಮಾಸದಲ್ಲಿ ಓಖಾಹರಣ ಓದುವ ಪದ್ಧತಿ ಇದೆ. ಓದಿದ ಮನೆಗೆ ಜ್ವರ ಬರುವುದಿಲ್ಲ ಎಂಬುದು ನಂಬಿಕೆ. ಕರಾವಳಿಯ ಕನ್ನಡಿಗರಿಗೆ ಇದೇ ಕಥೆ ಯಕ್ಷಗಾನದ 'ಬಾಣಾಸುರ ಕಾಳಗ', 'ಉಷಾ ಪರಿಣಯ' ಪ್ರಸಂಗಗಳಿಂದ ಪರಿಚಿತ. ಅಲ್ಲಿ ಚಂಡೆ ಮದ್ದಳೆ, ಇಲ್ಲಿ ತಾಮ್ರದ ಕೊಡ.

ಕಥೆಯನ್ನು ಓದುಗರ ಮನೆಬಾಗಿಲಿಗೆ ಒಯ್ದದ್ದರಲ್ಲೂ ವಡೋದರಾದ ಪಾಲು ದೊಡ್ಡದು. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ಅವರು ಅಮೆರಿಕದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು 1910ರಲ್ಲಿ ಕರೆಸಿ ಸಂಸ್ಥಾನದ ತುಂಬ ಉಚಿತ ಗ್ರಂಥಾಲಯಗಳ ಜಾಲ ಕಟ್ಟಿಸಿದರು. ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳಿಸುವ ಸಂಚಾರಿ ಗ್ರಂಥಾಲಯವೂ ಇತ್ತು. ಮಕ್ಕಳಿಗಾಗಿ 'ಸಯಾಜಿ ಬಾಲಜ್ಞಾನಮಾಲಾ' ಎಂಬ ಪುಸ್ತಕಮಾಲೆ ಹೊರಬಂತು. ಉಕ್ಕಿನ ಕಪಾಟು, ಗಾಜಿನ ನೆಲದ ಸೆಂಟ್ರಲ್ ಲೈಬ್ರರಿ ಇಂದಿಗೂ ನೋಡತಕ್ಕದ್ದು.

ಭೂತದ ಕಥೆ ಬೇರೆ, ಭೂತದ ಭಯ ಬೇರೆ

ಬೇತಾಳ, ಮಾಟದ ಕಥೆ ಕೊಟ್ಟರೆ ಮಕ್ಕಳಲ್ಲಿ ಮೂಢನಂಬಿಕೆ ಬೆಳೆಯುವುದಿಲ್ಲವೇ ಎಂಬುದು ಹಲವು ಪೋಷಕರ ಅನುಮಾನ. ಈ ಚರ್ಚೆ ಗುಜರಾತಿನಲ್ಲಿ ಹಳೆಯದು. ಸೂರತ್‌ನ ಶಿಕ್ಷಕ ದುರ್ಗಾರಾಮ ಮೆಹತಾಜಿ ಮತ್ತು ಗೆಳೆಯರು 1844ರಲ್ಲಿ 'ಮಾನವ ಧರ್ಮ ಸಭಾ' ಸ್ಥಾಪಿಸಿ ಭೂತ ಬಿಡಿಸುವವರಿಗೆ, ಮಂತ್ರವಾದಿಗಳಿಗೆ ಬಹಿರಂಗ ಸವಾಲು ಹಾಕಿದರು. 1848ರಲ್ಲಿ ಅಹಮದಾಬಾದಿನಲ್ಲಿ ಅಲೆಕ್ಸಾಂಡರ್ ಫೋರ್ಬ್ಸ್ 'ಗುಜರಾತ್ ವರ್ನಾಕ್ಯುಲರ್ ಸೊಸೈಟಿ' ಆರಂಭಿಸಿದರು. ಮರುವರ್ಷವೇ ಕವಿ ದಲಪತರಾಮ್ 'ಭೂತ ನಿಬಂಧ' ಬರೆದು ಜನರ ಭೂತಭಯವನ್ನು ಪ್ರಶ್ನಿಸಿದರು.

ಭೂತದ ಹೆಸರಿನಲ್ಲಿ ನಡೆಯುವ ಶೋಷಣೆ ಇನ್ನೂ ನಿಂತಿಲ್ಲ. ಅದಕ್ಕಾಗಿಯೇ ಕರ್ನಾಟಕ 2017ರಲ್ಲಿ, ಗುಜರಾತ್ 2024ರಲ್ಲಿ ಮಾಟ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ತಂದವು. ಆದರೆ ಕಥೆಯ ಬೇತಾಳ ದುಡ್ಡು ಕೇಳುವುದಿಲ್ಲ, ಪ್ರಶ್ನೆ ಕೇಳುತ್ತದೆ. 'ಇದು ಕಥೆ' ಎಂದು ತಿಳಿದೇ ಓದುವ ಮಗು ಹೆದರಿಕೆಯನ್ನು ಆಟವಾಗಿ ಎದುರಿಸುವುದನ್ನು ಕಲಿಯುತ್ತದೆ. ಹಿರಿಯ ಮಕ್ಕಳಿಗೆ ಬೇತಾಳ ಕಥೆಗಳ ಜೊತೆಗೇ ದಲಪತರಾಮರ ಕಥೆಯನ್ನೂ ಹೇಳಿದರೆ ಎರಡೂ ಬದಿ ಗೊತ್ತಾಗುತ್ತದೆ.

ಲೋಥಲ್: ಕನ್ನಡಿಗರು ಅಗೆದ ಊರು, ಕಾದಂಬರಿಗೆ ಬಂದ ಊರು

ಹೊಸ ಕಾಲದ ಸರಣಿಯೇ ಬೇಕು ಎನ್ನುವ ಹದಿಹರೆಯದವರಿಗೆ ಅಮೀಶ್ ತ್ರಿಪಾಠಿ ಅವರ ಶಿವ ಸರಣಿ ಇದೆ. 2010ರ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ'ದಿಂದ ಆರಂಭವಾಗಿ 2013ರ 'ದಿ ಓತ್ ಆಫ್ ದಿ ವಾಯುಪುತ್ರಾಸ್' ತನಕ ಮೂರು ಪುಸ್ತಕ. ಸಿಂಧೂ ನಾಗರಿಕತೆಯನ್ನು ಆದರ್ಶ ಸಾಮ್ರಾಜ್ಯವಾಗಿ, ಶಿವನನ್ನು ಟಿಬೆಟ್ಟಿನಿಂದ ಬಂದ ಬುಡಕಟ್ಟಿನ ನಾಯಕನಾಗಿ ಕಲ್ಪಿಸಿದ ಕಥೆ ಇದು. ಮೂರನೇ ಪುಸ್ತಕದಲ್ಲಿ ಲೋಥಲ್ ನಗರವೂ ಬರುತ್ತದೆ.

ಆ ಲೋಥಲ್ ಇರುವುದು ಅಹಮದಾಬಾದ್ ಜಿಲ್ಲೆಯಲ್ಲಿ. 1950ರ ದಶಕದಲ್ಲಿ ಅಲ್ಲಿ ಉತ್ಖನನ ನಡೆಸಿ ನಗರವನ್ನು ಬೆಳಕಿಗೆ ತಂದವರು ಕನ್ನಡಿಗ ಪುರಾತತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ಎಸ್.ಆರ್. ರಾವ್, ಬರೋಡಾದ ಪುರಾತತ್ವ ಇಲಾಖೆಯಲ್ಲಿಯೂ ಕೆಲಸ ಮಾಡಿದ್ದರು. ಮುಂದೆ ದ್ವಾರಕೆಯ ಕಡಲಾಳದ ಶೋಧಕ್ಕೂ ಅವರೇ ಮುಂದಾಳಾದರು. 200 ಮೀಟರಿಗೂ ಉದ್ದದ, ಇಟ್ಟಿಗೆ ಕಟ್ಟಿದ ಕೊಳವನ್ನು ಹಡಗುಕಟ್ಟೆ ಎಂದು ಅವರು ಗುರುತಿಸಿದರು. ಕಾದಂಬರಿ ಓದಿದ ಮಗುವನ್ನು ಒಂದು ಭಾನುವಾರ ಅಲ್ಲಿಗೆ ಕರೆದೊಯ್ದರೆ ಕಲ್ಪನೆ ಎಲ್ಲಿ ಮುಗಿಯುತ್ತದೆ, ಇತಿಹಾಸ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಕಣ್ಣಾರೆ ತೋರಿಸಬಹುದು. ಶಿವ ಸರಣಿ ಇತಿಹಾಸವಲ್ಲ ಎಂಬುದನ್ನೂ ಹೇಳಿಬಿಡುವುದು ಲೇಸು.

ದೊಡ್ಡವರಿಗೆ ಧ್ರುವ ಭಟ್ಟರ 'ತತ್ವಮಸಿ' (1998) ಇದೆ. 2002ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿ ವಿದೇಶದಲ್ಲಿ ಬೆಳೆದ ಯುವಕನೊಬ್ಬನನ್ನು ನರ್ಮದಾ ತೀರದ ಕಾಡಿಗೆ ಕರೆತರುತ್ತದೆ. ಇದನ್ನು ಪೂರ್ತಿ ಫ್ಯಾಂಟಸಿ ಎನ್ನಲಾಗದು. ಆದರೆ ನದಿಯೇ ಜೀವಂತ ಪಾತ್ರ ಎನಿಸುವಂತೆ ಮಾಡುತ್ತದೆ. ಇದನ್ನು ಆಧರಿಸಿ 2018ರಲ್ಲಿ 'ರೇವಾ' ಎಂಬ ಗುಜರಾತಿ ಸಿನಿಮಾ ಬಂತು.

ಜೊತೆಗೆ ಓದಲು ಕನ್ನಡದ ಪುಸ್ತಕಗಳು

ಶಿಫಾರಸು ಒಂದೇ ದಿಕ್ಕಿನಲ್ಲಿ ಸಾಗಬೇಕಿಲ್ಲ. ಗುಜರಾತಿ ಗೆಳೆಯರು "ನಿಮ್ಮ ಕನ್ನಡದಲ್ಲಿ ಇಂಥದ್ದೇನಿದೆ?" ಎಂದು ಕೇಳಿದರೆ ಹೇಳಲು ಬೇಕಾದಷ್ಟಿದೆ.

* ಚಂದ್ರಶೇಖರ ಕಂಬಾರ: 'ಚಕೋರಿ' ಮಹಾಕಾವ್ಯದಲ್ಲಿ ಯಕ್ಷಿಯ ಲೋಕವಿದೆ. 'ಶಿಖರಸೂರ್ಯ' ಕಾದಂಬರಿ ಅದರ ಮುಂದುವರಿಕೆಯಂತಿದ್ದು, ಶಿವಾಪುರ ಬಿಟ್ಟು ಹೋದವನೊಬ್ಬ ಕನಕಪುರಿಯಲ್ಲಿ ಅಧಿಕಾರದ ಬೆನ್ನು ಹತ್ತುವ ಕಥೆ ಹೇಳುತ್ತದೆ. ದೊಡ್ಡವರಿಗೆ ಕನ್ನಡದ ಸೊಗಸಾದ ಫ್ಯಾಂಟಸಿ ಜೋಡಿ ಇದು.
* ಗಿರೀಶ ಕಾರ್ನಾಡ: 'ಹಯವದನ' ಮತ್ತು 'ನಾಗಮಂಡಲ'. ಬೇತಾಳ ಕಥೆ ಓದಿದವರಿಗೆ ಸಹಜವಾದ ಮುಂದಿನ ಹೆಜ್ಜೆ.
* ಪೂರ್ಣಚಂದ್ರ ತೇಜಸ್ವಿ: 'ಕರ್ವಾಲೋ'. ಹಾರುವ ಓತಿಯ ಬೆನ್ನಟ್ಟಿ ಕಾಡು ಹೊಗುವ ಕಥೆ. ಮಾಯೆ ಇಲ್ಲ, ಬೆರಗು ತುಂಬಿದೆ. 'ತತ್ವಮಸಿ' ಮೆಚ್ಚಿದವರಿಗೆ ಇದೂ ಹಿಡಿಸೀತು.

ಪುಸ್ತಕ ಎಲ್ಲಿ ಹುಡುಕಬೇಕು?

ಅಹಮದಾಬಾದಿನಲ್ಲಿ ಎಲಿಸ್ ಬ್ರಿಜ್ ಬಳಿಯ ಎಂ.ಜೆ. ಲೈಬ್ರರಿ 1938ರಿಂದ ಓದುಗರಿಗೆ ತೆರೆದಿದೆ. ಗಾಂಧೀಜಿ ತಮ್ಮ ಆಶ್ರಮದ ಪುಸ್ತಕಗಳನ್ನು ಕೊಟ್ಟದ್ದು ಇದಕ್ಕೇ. ಗಾಂಧಿ ರಸ್ತೆಯ ಫರ್ನಾಂಡಿಸ್ ಸೇತುವೆ ಬಳಿ ಪುಸ್ತಕದಂಗಡಿಗಳ ಸಾಲೇ ಇದೆ. ಸಾಬರಮತಿ ದಂಡೆಯ ಭಾನುವಾರದ ಗುಜರಿ ಬಜಾರಿನಲ್ಲಿ ಹಳೆಯ ಮಕ್ಕಳ ಪುಸ್ತಕಗಳು ಕಡಿಮೆ ಬೆಲೆಗೆ ಸಿಗುವುದುಂಟು. ವಡೋದರಾದಲ್ಲಿ ಸೆಂಟ್ರಲ್ ಲೈಬ್ರರಿ, ಸೂರತ್‌ನಲ್ಲಿ ಮಹಾನಗರ ಪಾಲಿಕೆಯ ಕವಿ ನರ್ಮದ್ ಗ್ರಂಥಾಲಯ ಇವೆ. ಹ್ಯಾರಿ ಪಾಟರ್ ಬಿಟ್ಟು ಬೇರೇನೂ ಬೇಡ ಎನ್ನುವ ಮಕ್ಕಳಿಗೂ ದಾರಿಯಿದೆ. ಆ ಸರಣಿಯ ಮೊದಲ ಪುಸ್ತಕ ಗುಜರಾತಿಗೂ ಅನುವಾದವಾಗಿದೆ. ಗೊತ್ತಿರುವ ಕಥೆಯನ್ನು ಹೊಸ ಲಿಪಿಯಲ್ಲಿ ಓದುವುದು ಸುಲಭ.

ಕನ್ನಡದ ಪುಸ್ತಕ ಅಲ್ಲಿನ ಅಂಗಡಿಗಳಲ್ಲಿ ಹುಡುಕುವುದಕ್ಕಿಂತ ರಜೆಗೆ ಊರಿಗೆ ಬಂದಾಗ ಕೊಂಡೊಯ್ಯುವುದು ಅಥವಾ ಆನ್‌ಲೈನ್‌ನಲ್ಲಿ ತರಿಸುವುದು ವಾಸಿ. ಕನ್ನಡ ಓದಲು ಬಾರದ ಮಗುವಿಗೆ ಅಪ್ಪನೋ ಅಮ್ಮನೋ ದಿನಕ್ಕೊಂದು ಬೇತಾಳ ಕಥೆ ಗಟ್ಟಿಯಾಗಿ ಓದಿ ಹೇಳಿದರೂ ಸಾಕು. 25 ದಿನಕ್ಕೆ 25 ಕಥೆ ಮುಗಿಯುತ್ತವೆ.

ಶಾಮಳನ ಕಥೆಗಳನ್ನು ಗುಜರಾತಿನ ಜನ ಕೇಳಿಯೇ ಉಳಿಸಿಕೊಂಡರು. ಬತ್ತೀಸ ಪುತ್ತಳಿಯನ್ನು ಕನ್ನಡದ ಅಜ್ಜಿಯರು ಹೇಳಿಯೇ ದಾಟಿಸಿದರು. ಅಹಮದಾಬಾದಿನ ಫ್ಲ್ಯಾಟಿನಲ್ಲಿ 'ವೇತಾಳ ಪಚೀಸಿ' ಓದಿದ ಮಗು ಧಾರವಾಡಕ್ಕೋ ಉಡುಪಿಗೋ ಫೋನ್ ಮಾಡಿ, "ಅಜ್ಜಿ, ತಲೆ ಬದಲಾದ ಕಥೆ ನಿನಗೆ ಗೊತ್ತಾ?" ಎಂದು ಕೇಳಿದರೆ ಆ ಕಡೆಯಿಂದ ಉತ್ತರ ಬಂದೇ ಬರುತ್ತದೆ.